ನೈಟ್ ಹಾಲ್ಟ್

ಸರ್ಜಾಪುರದಲ್ಲಿ ಕೊನೇ ಟ್ರಿಪ್ಪು ಮುಗಿದು
ಇಂಜಿನ್ನು ಟಿಕ್ ಟಿಕ್ ಅನ್ನುತ್ತ ತಣ್ಣಗಾಗುವಾಗ
ಡ್ರೈವರ್ ಚಿಕ್ಕಮುನಿಯಪ್ಪ ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚುತ್ತಾನೆ.
ನಾನು ಕಲೆಕ್ಷನ್ನು ಎಣಿಸಿ,
ಮೂರು ರೂಪಾಯಿ ಕಮ್ಮಿ ಬಂದದ್ದನ್ನು ಜೇಬಿನಿಂದ ತುಂಬಿ,
ಸೊಳ್ಳೆಬತ್ತಿ ಹಚ್ಚಿ
ಮೊಬೈಲು ತೆಗೆಯುತ್ತೇನೆ.
ಇವತ್ತು ಗುರುವಾರ. ರಾತ್ರಿ ಒಂದೂವರೆಗೆ ಟ್ರೈನಿಂಗಿನ ಫಲ ಬರುತ್ತದೆ.

ನಂದೊಂದು ತಂಡ ಇದೆ: ಲಾಸ್ಟ್ ಟ್ರಿಪ್ ಎಫ್.ಸಿ.
ಐದನೇ ಡಿವಿಷನ್ನಿನ ಫುಟ್‌ಬೋರ್ಡಿನಲ್ಲಿ
ಒಂದೇ ಕಾಲೂರಿ ನೇತಾಡುತ್ತಿದೆ.

ವಾರಕ್ಕೊಬ್ಬ ಹುಡುಗನನ್ನು ಹುಡುಕಿ ತರುತ್ತಾನೆ ನನ್ನ ಸ್ಕೌಟು.
ಅವನಿಗೆ ಮುಖ ಇಲ್ಲ; ಸಂಬಳ ಇದೆ.
ಹುಡುಗರ ಹೆಸರನ್ನೆಲ್ಲ ಕಂಪ್ಯೂಟರು ಕಲಸಿ ಹಂಚುತ್ತದೆ:
ತೇಜಿಂದರ್ ನಂಬೂದಿರಿ, ಹದಿನೇಳು, ಎಡಗಾಲು.
ಲಾಲ್‌ರಿನ್ ಪಾಟೀಲ, ಹದಿನಾರು, ಗೋಲ್‌ಕೀಪರು.
ಯಾವ ಊರಿನ ಯಾವ ತಾಯಿ ಹೆತ್ತಳೋ ಇವರನ್ನು!
ವರದಿಯಲ್ಲಿ ಒಂದೇ ಸಾಲು: ಬೆಳೆಯಬಹುದು.
ಇಲ್ಲವೇ ಒಂದೇ ಮಾತು: ಇಷ್ಟೇ.

ಸ್ಕೌಟಿಗಿಂತ ನನ್ನ ಕಣ್ಣು ವಾಸಿ ಅಂತ ನನಗೊಂದು ಜಂಬ.
ಹತ್ತೊಂಬತ್ತು ವರ್ಷದ ಕಂಡಕ್ಟರಿಕೆ.
ಯಾರು ಮುಂದಿನ ಸ್ಟಾಪಿಗೆ ಏಳುತ್ತಾರೆ,
ಯಾರು ಕೊನೇವರೆಗೂ ಕಿಟಕಿಗೆ ಹಣೆ ಹಚ್ಚಿ ಕೂರುತ್ತಾರೆ,
ಯಾರ ಹತ್ತಿರ ನಿಜವಾಗಲೂ ಚಿಲ್ಲರೆ ಇಲ್ಲ,
ಯಾರ ಹತ್ತಿರ ಇದ್ದೂ ಇಲ್ಲ,
ಹತ್ತುವಾಗಲೇ ಗೊತ್ತಾಗುತ್ತದೆ, ಭುಜದಲ್ಲಿ ಬರೆದಿರುತ್ತದೆ.
ಸ್ಟೂಡೆಂಟ್ ಪಾಸು ನೋಡೀ ನೋಡೀ ಇನ್ನೊಂದು ಕಲಿತೆ:
ಫೋಟೋ ಯಾವಾಗಲೂ ಮುಖಕ್ಕಿಂತ ಒಂದು ಸ್ಟೇಜು ಹಿಂದೆ.
ಜೂನಿನಲ್ಲಿ ಅಂಟಿಸಿದ ಮಗುವಿಗೆ
ಫೆಬ್ರವರಿಯಲ್ಲಿ ಮೀಸೆ.

ಆಟದಲ್ಲೂ ಪಾಸು ಇದೆ, ಬೇರೆ ಥರದ್ದು.
ತೇಜಿಂದರನಿಗೆ ಪಾಸು ಆರು, ಓಟ ಏಳು, ದಮ್ಮು ನಾಲ್ಕು.
ಹನ್ನೆರಡು ವಾರ ಕಳೆದರೆ ವಯಸ್ಸಿಗೊಂದು ವರ್ಷ.
ಒಂದಂಕಿ ಏರಲು ಐದಾರು ಗುರುವಾರ,
ಅದರಲ್ಲಿ ನಾಲ್ಕೈದು ಗುರುವಾರ ಏನೂ ಆಗಿಲ್ಲ ಅಂತಲೇ ತೋರಿಸುತ್ತದೆ.
ಒಳಗೆಲ್ಲೋ, ಕಾಣದ ಪಾಯಿಂಟಿನಾಚೆ, ಕೂಡುತ್ತಿರುತ್ತದಂತೆ,
ಬ್ಯಾಗಿನ ತಳದ ಚಿಲ್ಲರೆ ಹಾಗೆ.

ಮಂಗಳವಾರ ಜಾನ್ಸನ್ ಮಾರ್ಕೆಟ್ಟಿನಲ್ಲಿ ಹತ್ತಿದ ಒಬ್ಬ.
ಪ್ಲಾಸ್ಟಿಕ್ ಚೀಲದಲ್ಲಿ ಸ್ಟಡ್ಡಿನ ಬೂಟು,
ಗುಡಿಸಿದ ನೆಲದ ಮೇಲೆ ಒಣಗಿದ ಕೆಮ್ಮಣ್ಣು ಉದುರಿಸಿಕೊಂಡು.
ಪಾಸಿನಲ್ಲಿ ಹೆಸರು ಎಸ್. ಲೂರ್ದುಸಾಮಿ.
"ಎಲ್ಲಿ ಆಡ್ತೀಯೋ?"
"ಅಗರ ಗ್ರೌಂಡು ಸಾರ್."
"ಅದಲ್ಲ ಮಗಾ, ಪೊಸಿಷನ್ನು?"
ಸ್ವಲ್ಪ ಯೋಚಿಸಿದ. ನಗಲಿಲ್ಲ.
"ಬೆಂಚು."

ನಾಲ್ಕು ಸೀಟು ಖಾಲಿ ಇದ್ದವು. ಕೂರಲಿಲ್ಲ.
ನಡು ದಾರಿಯಲ್ಲಿ, ಕಂಬಿ ಬಿಟ್ಟು ನಿಂತ.
ಆಡುಗೋಡಿಯ ಹಂಪು,
ಅಡ್ಡ ನುಗ್ಗಿದ ಆಟೋಗೆ ಚಿಕ್ಕಮುನಿಯಪ್ಪ ತುಳಿದ ಬ್ರೇಕು,
ಕೋರಮಂಗಲದ ತಿರುವು.
ಮುಂದಿದ್ದ ಅಜ್ಜಿಯ ಸೊಪ್ಪಿನ ಕಟ್ಟು ಬಾಗಿಲವರೆಗೂ ಹೋಯಿತು.
ಅವನು ಮಂಡಿ ಕೊಂಚ ಮಡಚಿದ, ಅಷ್ಟೇ.
ಒಂದು ಸಲವೂ ಕಂಬಿ ಮುಟ್ಟಲಿಲ್ಲ.
ಸೊಪ್ಪಿನ ಕಟ್ಟನ್ನು ಕಾಲಿನಿಂದಲೇ ತಡೆದು, ಬಗ್ಗಿ ಎತ್ತಿಕೊಟ್ಟ.

ಇದಕ್ಕೆ ಯಾವ ಕಾಲಮ್ಮು?

ಅಗರದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದ.
ಬೈಯಬೇಕಿತ್ತು.
ರೈಟ್ ಅಂದೆ. ಯಾರಿಗೆ ಅಂದೆನೋ.

ಒಂದೂವರೆ.
ತೇಜಿಂದರ್ ನಂಬೂದಿರಿ: ಬದಲಾವಣೆ ಇಲ್ಲ.
ಸ್ಕೌಟಿನ ಸಲಹೆ: ಬಿಟ್ಟುಬಿಡಿ.
ಕೆಳಗೆ ಕೆಂಪು ಬಟನ್ನು ಹೊಳೆಯುತ್ತದೆ,
ಟೈಲ್ ಲೈಟಿನ ಹಾಗೆ.

ಹಿಂದಿನ ಸೀಟಿನಿಂದ ಗೊಗ್ಗರು ದನಿ: "ಗೆದ್ಯೇನೋ?"
"ಶನಿವಾರ ಮ್ಯಾಚು."
"ಮತ್ತೆ ಈಗ್ಯಾಕೆ ಎದ್ದಿದ್ದೀಯ, ಮಲಗು."

ಬೆರಳು ತೆಗೆದೆ.
ಶನಿವಾರದ ಪಟ್ಟಿಯಲ್ಲಿ ಒಂದು ಹೆಸರು ಅಳಿಸಿ
ಎಡಗಾಲಿನವನನ್ನು ಹಾಕಿದೆ. ಸೋಲಬಹುದು.
ಆರನೇ ಡಿವಿಷನ್ನಿನಲ್ಲೂ ಜನ ಇರುತ್ತಾರಲ್ಲ.

ಸೊಳ್ಳೆಬತ್ತಿ ಮುಕ್ಕಾಲು ಉರಿದಿದೆ.
ಬೆಳಗಿನ ಐದೂ ಹತ್ತಕ್ಕೆ ಫಸ್ಟ್ ಟ್ರಿಪ್ಪು,
ಎಲ್ಲಾದರೂ ಚಿಲ್ಲರೆ ಹುಡುಕಬೇಕು.